ಒಕ್ಕಲುಮನೆಯ ಆಳುಮಕ್ಕಳು

ಬೆಂಗಳೂರಿನ ಉತ್ತರಕ್ಕಿರುವ ವಿದ್ಯಾರಣ್ಯಪುರವು ಹೊಸ ಬಡಾವಣೆ. ಅದರ ನೆರೆಯ ದೊಡ್ಡಬೊಮ್ಮಸಂದ್ರ, ತಿಂಡ್ಲು, ನರಸೀಪುರ, ಚಿಕ್ಕಬೆಟ್ಟಹಳ್ಳಿ, ಸಿಂಗಾಪುರ, ಕೊಡಿಗೇಹಳ್ಳಿಗಳು ಹಳೆಯ ಊರುಗಳು. ಇಂದು ಬಸ್ಸಿನ ಫಲಕದ ಮೇಲೆ ಮಾತ್ರ ಊರುಗಳಾಗಿ ಉಳಿದಿರುವ ಈ ಹಳ್ಳಿಗಳು, ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಎಂದರೆ 1837ರಿಂದ 1901ರವರೆಗಿನ ಆ ದೀರ್ಘವಾದ ಆಳ್ವಿಕೆಯಲ್ಲಿ, ಯಲಹಂಕದ ಸುತ್ತಣ ಕೆಮ್ಮಣ್ಣಿನ ಬಯಲಿನಲ್ಲಿ ರಾಗಿ, ಅವರೆ, ಹುರುಳಿಗಳನ್ನು ಬೆಳೆದುಕೊಂಡು, ಕೆರೆಯ ಕೆಳಗಿನ ತುಂಡು ಗದ್ದೆಯಲ್ಲಿ ಒಂದಿಷ್ಟು ಭತ್ತವನ್ನು ಕಂಡುಕೊಂಡು, ಬೆಂಗಳೂರಿನ ಪೇಟೆಗೂ ದಂಡುಪ್ರದೇಶಕ್ಕೂ ಹುಲ್ಲು ಸೌದೆ ಹಾಲುಗಳನ್ನು ಸಾಗಿಸುತ್ತ ಬಾಳಿದುವು. ಕಂದಾಯವನ್ನು ಕಟ್ಟಿದವನ ಹೆಸರನ್ನು ಆ ಕಾಲದ ಶಾನುಭೋಗರು ಬರೆದಿಟ್ಟರು. ಮೇಣಿಯನ್ನು ಹಿಡಿದು ಉತ್ತವನು ಆ ಕಂದಾಯದಾರನೇ ಆಗಿರದಿದ್ದ ಪಕ್ಷದಲ್ಲಿ ಅವನ ಹೆಸರು ಯಾವ ಲೆಕ್ಕಕ್ಕೂ ಬರಲಿಲ್ಲ. ಒಕ್ಕಲುಮನೆಯ ಒಳಗೇ ಉಂಡು, ಅದರ ಕೊಟ್ಟಿಗೆಯಲ್ಲಿಯೇ ಮಲಗಿ, ಅದರ ಸುಗ್ಗಿಗೂ ಸಾವಿಗೂ ಹೆಗಲು ಕೊಟ್ಟು, ಕಡೆಗೆ ಆ ಮನೆಯವನೆನಿಸದೆಯೇ ಹೋದ ಆ ಆಳುಮಕ್ಕಳ ವಿಚಾರವೇ ಈ ಲೇಖನದ ವಸ್ತು.

ಅನುಕೂಲಸ್ಥನಾದ ಒಕ್ಕಲಿಗನ ಮನೆಯೆಂದರೆ ಹೊರಗೆ ಜಗುಲಿ, ಒಳಗೆ ತೊಟ್ಟಿ, ತೊಟ್ಟಿಯ ಸುತ್ತ ಪಡಸಾಲೆ, ಪಡಸಾಲೆಯ ಒಂದು ಮಗ್ಗುಲಲ್ಲಿ ಎತ್ತು ಎಮ್ಮೆಗಳ ಕೊಟ್ಟಿಗೆ, ಅದರಾಚೆ ಅಡುಗೆಮನೆ, ರಾಗಿಕಲ್ಲು ಮತ್ತು ಒರಳುಗಳ ಮೂಲೆ. ಹೀಗೆ ಮನುಷ್ಯರೂ ದನಗಳೂ ಒಂದೇ ಹೆಬ್ಬಾಗಿಲನ್ನು ಹಾಯುವಂತೆ ಕಟ್ಟಿದ್ದು. ಕಾಳಿಗೆ ವಾಡೆಗಳೂ ಕಣಜಗಳೂ ಮನೆಯೊಳಗೆ. ವರ್ಷಾನುಗಟ್ಟಲೆ ಕೆಡದೆ ಉಳಿಯಬೇಕಾದ ರಾಗಿಗೆ ಮಾತ್ರ ಗಟ್ಟಿ ನೆಲದಲ್ಲಿ ತೋಡಿದ ಹಗೇವು. ಈ ಹಗೇವಿನ ಬಾಯಿ ಕಿರಿದು, ಒಡಲು ವಿಶಾಲ. ಬಾಯಿ ತೆರೆದೊಡನೆ ಇಳಿದವನು ಉಸಿರುಗಟ್ಟಿ ಸಾಯುವ ಸಂಭವವಿದ್ದುದರಿಂದ ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾದು, ಅನಂತರ ಒಬ್ಬನನ್ನು ಹಗ್ಗ ಕಟ್ಟಿ ಇಳಿಸುತ್ತಿದ್ದರು. ಇಳಿಯುತ್ತಿದ್ದವನು ಯಜಮಾನನ ಮಗನಾಗಿರುತ್ತಿದ್ದುದು ಅಪರೂಪವೆಂದು ಊಹಿಸುವುದಕ್ಕೆ ಹೆಚ್ಚಿನ ಪಾಂಡಿತ್ಯವೇನೂ ಬೇಕಾಗಿಲ್ಲ.

ಒಕ್ಕಲಿನ ದೊಡ್ಡಸ್ತಿಕೆಯನ್ನು ನೇಗಿಲುಗಳಿಂದ ಎಣಿಸುತ್ತಿದ್ದರು. ಎರಡು ನೇಗಿಲಿನ ಮನೆಯಾದರೆ ಅಣ್ಣತಮ್ಮಂದಿರೇ ಉತ್ತು ಬಿತ್ತಿಕೊಳ್ಳಬಹುದು. ನಾಲ್ಕು ನೇಗಿಲಾದರೆ ಹೊರಗಿನ ತೋಳುಗಳು ಬೇಕು. ಯುಗಾದಿಯ ಹೊನ್ನಾರಿನಿಂದ ಮೊದಲ್ಗೊಂಡು, ಮುಂಗಾರಿನ ಒಂದೊಂದು ಹದಕ್ಕೂ ಹೊಲವನ್ನು ಮತ್ತೆ ಮತ್ತೆ ಉತ್ತು, ಗೊಬ್ಬರ ಹೊಡೆದು, ಕೂರಿಗೆಯಲ್ಲಿ ರಾಗಿಯನ್ನೂ ಅಕ್ಕಡಿಯ ಸಾಲಿನಲ್ಲಿ ಅವರೆ ತೊಗರಿ ಹುಚ್ಚೆಳ್ಳುಗಳನ್ನೂ ಬಿತ್ತಿ, ಪೈರೆದ್ದ ಮೇಲೆ ಕುಂಟೆ ಹಾಯಿಸಿ, ಕಳೆ ತೆಗೆದು, ಕಾರ್ತಿಕದ ಹೊತ್ತಿಗೆ ಕುಯ್ದು ಮೆದೆ ಹಾಕಿ, ಚಳಿಗಾಲದಲ್ಲಿ ಕಣ ಸಾರಿಸಿ ಗುಂಡು ಹೊಡೆದು ರಾಶಿ ಮಾಡುವವರೆಗೆ ಕೆಲಸವು ಒಂದು ದಿನವೂ ಬಿಡುವು ಕೊಡುತ್ತಿರಲಿಲ್ಲ. ಮಳೆ ಹದ ಕೊಟ್ಟ ದಿನವೇ ಬಿತ್ತನೆ ನಡೆಯಬೇಕು. ಆ ದಿನ ಊರೆಲ್ಲ ತನ್ನ ತನ್ನ ಹೊಲದಲ್ಲಿರುವುದರಿಂದ ಕೂಲಿಯವನು ಸಿಕ್ಕುವುದಿಲ್ಲ. ಆದಕಾರಣ ವರ್ಷಪೂರ್ತಿ ತನ್ನವನೆಂದು ಹೇಳಿಕೊಳ್ಳಬಲ್ಲ ಆಳೊಬ್ಬನನ್ನು ಮೊದಲೇ ಕಟ್ಟಿಹಾಕಿಕೊಳ್ಳುವುದು ಒಕ್ಕಲಿಗನಿಗೆ ಅನಿವಾರ್ಯವಾಗಿ ತೋರಿತು.

ಆಳುಗಳಲ್ಲಿ ತರಗಳಿದ್ದುವು. ಏಳೆಂಟು ವರ್ಷದ ಹುಡುಗನು ದನ ಕಾಯುವುದಕ್ಕೆ ಸೇರುತ್ತಿದ್ದನು. ಅವನಿಗೆ ಹೊಟ್ಟೆಯ ಹಿಟ್ಟೇ ಸಂಬಳ. ಮೀಸೆ ಮೂಡಿದ ಮೇಲೆ ಅವನೇ ಏರು ಕಟ್ಟುವ ಜೀತಗಾರನಾಗುತ್ತಿದ್ದನು. ಯುಗಾದಿಯಿಂದ ಯುಗಾದಿಗೆ ಅವನ ಲೆಕ್ಕ, ಎರಡು ಹೊತ್ತಿನ ಹಿಟ್ಟು ಸಾರು, ವರ್ಷಕ್ಕೊಂದು ಕಂಬಳಿ, ಒಂದು ಜೊತೆ ಎಕ್ಕಡ, ಮೈಗೊಂದು ಬಟ್ಟೆ, ಮೇಲೆ ಗೊತ್ತುಮಾಡಿದಷ್ಟು ಕೊಳಗ ರಾಗಿ ಅಥವಾ ಒಂದಿಷ್ಟು ಹಣ. ಅವನ ಹೆಂಡತಿಯು ಕೊಟ್ಟಿಗೆಯ ಸಗಣಿ ಬಾಚಿ, ಬೆರಣಿ ತಟ್ಟಿ, ಕಳೆ ಕಾಲದಲ್ಲಿ ಹೊಲಕ್ಕೆ ಬಂದು ದುಡಿಯುತ್ತಿದ್ದಳು. ಆಕೆಯ ದುಡಿಮೆಗೆ ಪ್ರತ್ಯೇಕವಾದ ಲೆಕ್ಕವಿರುತ್ತಿದ್ದುದು ಕಡಮೆ. ಊರ ಕಮ್ಮಾರ, ಬಡಗಿ, ಕುಂಬಾರ, ಅಗಸ, ನೀರುಗಂಟಿ, ತಳವಾರ ಮೊದಲಾದ ಆಯಗಾರರನ್ನು ಈ ಗುಂಪಿಗೆ ಸೇರಿಸಲಾಗದು. ಅವರು ಒಂದು ಮನೆಯ ಆಳುಗಳಲ್ಲ, ಊರಿಗೆ ಸೇರಿದವರು, ಕಣದಲ್ಲಿ ತಮ್ಮ ಪಾಲಿನ ಆಯವನ್ನು ಹಕ್ಕಾಗಿ ಕೇಳಿ ಪಡೆಯುತ್ತಿದ್ದವರು.

ಜೀತಗಾರನಿಗೂ ಆಯಗಾರನಿಗೂ ನಡುವೆ ನಿಂತವನು ಹಳೆಮಗ. ಹೊಲೆಯರ ಒಂದು ಮನೆತನವು ಒಕ್ಕಲಿಗರ ಒಂದು ಮನೆತನಕ್ಕೆ ತಲೆತಲಾಂತರದಿಂದ ಅಂಟಿಕೊಂಡು, ಧಣಿಯ ಮನೆಯ ಮದುವೆಯಲ್ಲಿ ಪಂಜು ಹಿಡಿದು, ಸಾವಿನಲ್ಲಿ ಮಾಡಬೇಕಾದ ಚಾಕರಿಯನ್ನು ಮಾಡಿ, ಸುಗ್ಗಿಯಲ್ಲಿ ಹುಲ್ಲುಸಹಿತವಾಗಿ ಒಂದು ಹೊರೆ ತೆನೆಯನ್ನು ಹೊತ್ತುಕೊಂಡು ಹೋಗುತ್ತಿದ್ದ ಈ ಸಂಬಂಧವನ್ನು ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು, 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ನೆಲಸಿ, ಕಣ್ಣಾರೆ ಕಂಡು ವಿವರಿಸಿದ್ದಾರೆ. ವಿಕ್ಟೋರಿಯಾ ರಾಣಿಯು ಗತಿಸಿ ಅರ್ಧ ಶತಮಾನವೇ ಆಗುತ್ತ ಬಂದರೂ ಪದ್ಧತಿಯ ಎಲುಬು ಇನ್ನೂ ಗಟ್ಟಿಯಾಗಿಯೇ ಇದ್ದಿತೆಂಬುದು ಅವರ ಬರೆಹದಿಂದ ತಿಳಿಯುತ್ತದೆ. ಇಲ್ಲಿ ಜಾತಿಯ ಗೆರೆಯನ್ನು ಮರೆಮಾಚಿ ಮಾತನಾಡುವುದು ಅಪ್ರಾಮಾಣಿಕವಾದೀತು. ಜಾತಿಯಲ್ಲಿ ಸಮನಾದ ಬಡ ಆಳು ಪಡಸಾಲೆಯಲ್ಲಿ ಕುಳಿತು ಉಣ್ಣಬಹುದಾಗಿದ್ದಿತು. ಹೊಲಗೇರಿಯಿಂದ ಬಂದವನಿಗೆ ಅದೇ ಹಿಟ್ಟನ್ನು ಹೊರಗೆ, ಅವನದೇ ಪಾತ್ರೆಗೋ ಎಲೆಗೋ, ಮೇಲಿಂದ ಇಕ್ಕುತ್ತಿದ್ದರು. ಆ ಮನೆಯ ಎತ್ತಿಗೆ ಒಳಗೆ ಬರುವ ಹಕ್ಕಿದ್ದಿತು. ಎತ್ತನ್ನು ಹೊಡೆದುಕೊಂಡು ಬಂದವನಿಗೆ ಇರಲಿಲ್ಲ.

ಈ ಸೀಮೆಯ ಆಳುಗಳ ಕೂಲಿಯನ್ನು ವಿಚಾರಿಸಿ ಬರೆದಿಟ್ಟ ಮೊದಲಿಗರಲ್ಲೊಬ್ಬನು ಸ್ಕಾಟ್ಲೆಂಡಿನವನು. ಟೀಪುವು 1799ರಲ್ಲಿ ಮಡಿದ ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್, ಪರ್ತ್‌ಷೈರಿನಲ್ಲಿ ಹುಟ್ಟಿ ಎಡಿನ್‌ಬರೋದಲ್ಲಿ ಓದಿದವನು. ಬೆಂಗಳೂರು, ಕೋಲಾರ, ದೊಡ್ಡಬಳ್ಳಾಪುರ, ಶಿರಾಗಳಲ್ಲಿ ರೈತರನ್ನು ಕೂರಿಸಿಕೊಂಡು, ಮಣ್ಣಿನ ಬಗೆ ಯಾವುದು, ಬಿತ್ತನೆ ಎಷ್ಟು, ನೇಗಿಲು ಕುಂಟೆಗಳ ಆಕಾರ ಎಂತಹದು, ಆಳಿಗೆ ವರ್ಷಕ್ಕೆ ಎಷ್ಟು ಧಾನ್ಯ, ಎಷ್ಟು ಕಂಠೀರಾಯಿ ಹಣ ಎಂದು ಬಿಡಿಸಿ ಬಿಡಿಸಿ ಕೇಳಿದವನು. ಆತನ ಪ್ರವಾಸಗ್ರಂಥವು 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಮುಂದೆ ಸ್ವದೇಶಕ್ಕೆ ಹಿಂದಿರುಗಿ, ತಾಯಿಯ ಕಡೆಯ ಆಸ್ತಿಯನ್ನು ಪಡೆದು, ಹ್ಯಾಮಿಲ್ಟನ್ ಎಂಬ ಹೆಸರನ್ನೂ ಧರಿಸಿ, ಆತನೇ ಭೂಮಾಲಿಕನಾಗಿ ಬಾಳಿದನು. ಅವನ ನಾಡಿನ ಒಕ್ಕಲುಮನೆಗಳಲ್ಲಿ ಆಳುಗಳ ಪಾಡು ಹೇಗಿದ್ದಿತೆಂಬುದನ್ನು ನೋಡಿದರೆ ನಮ್ಮದು ಇನ್ನಷ್ಟು ಸ್ಪಷ್ಟವಾಗುತ್ತದೆ. ಸ್ಕಾಟ್ಲೆಂಡು ಕನ್ನಡಿಗರಿಗೆ ತೀರ ಅಪರಿಚಿತವಾದ ದೇಶವೂ ಅಲ್ಲ: ಬಿ. ಎಂ. ಶ್ರೀಯವರ ‘ಕಾರಿ ಹೆಗ್ಗಡೆಯ ಮಗಳು’ ಹುಟ್ಟಿದ್ದು ಆ ನಾಡಿನ ಕವಿ ಕ್ಯಾಂಪ್‌ಬೆಲ್ಲನ ಕಥನಕವನದಿಂದಲ್ಲವೆ?

ವಿಕ್ಟೋರಿಯಾ ಕಾಲದ ಸ್ಕಾಟ್ಲೆಂಡಿನಲ್ಲಿ, ವಿಶೇಷವಾಗಿ ಅಬರ್ಡೀನ್ ಮುಂತಾದ ಈಶಾನ್ಯ ಪ್ರಾಂತಗಳಲ್ಲಿ, ಒಕ್ಕಲುತನದ ಅಳತೆ ಕುದುರೆಯ ಜೋಡಿಗಳಿಂದ ನಡೆಯುತ್ತಿದ್ದಿತು. ಜೋಡಿಗೊಬ್ಬ ಆಳು, ಮೊದಲನೆಯ ಜೋಡಿಯವನು ಲಾಯದಿಂದ ಹೊರಡುವವರೆಗೆ ಎರಡನೆಯವನು ಹೊರಡುವಂತಿಲ್ಲ, ಅವನು ಊಟದಿಂದೇಳುವವರೆಗೆ ಇವನು ಏಳುವಂತಿಲ್ಲ. ದನಗಳಿಗೊಬ್ಬ, ಚಿಲ್ಲರೆ ಕೆಲಸಕ್ಕೊಬ್ಬ, ಅಡುಗೆಮನೆಗೆ ಹಾಲು ಕರೆದು ರೊಟ್ಟಿ ಬೇಯಿಸುವ ಹುಡುಗಿಯೊಬ್ಬಳು, ಇವರೆಲ್ಲರ ಮೇಲೆ ಗ್ರೀವ್ ಎಂಬ ಮೇಸ್ತ್ರಿ. ಮದುವೆಯಾಗದ ಗಂಡಾಳುಗಳು ಲಾಯದ ಮಗ್ಗುಲಿನ ಕೋಣೆಯಲ್ಲಿ ಮಲಗಿ ಅಡುಗೆಮನೆಯಲ್ಲಿ ಉಣ್ಣುವುದು ಒಂದು ಕ್ರಮ. ಬೋಥಿ ಎಂಬ ಒಂಟಿ ಕೊಟಡಿಯಲ್ಲಿ ತಮ್ಮಷ್ಟಕ್ಕೆ ತಾವೇ ಓಟ್ಸಿನ ಹಿಟ್ಟಿಗೆ ಕುದಿಯುವ ನೀರು ಹೊಯ್ದು ಕಲಸಿಕೊಂಡು ತಿನ್ನುವುದು ಇನ್ನೊಂದು ಕ್ರಮ. ಹಿಟ್ಟು ಮತ್ತು ಹಾಲು ಸಂಬಳದ ಭಾಗವೇ ಆಗಿದ್ದುವು. ರಾಗಿಯನ್ನು ನೆಚ್ಚಿದ ನಮ್ಮವನಿಗೂ ಓಟ್ಸನ್ನು ನೆಚ್ಚಿದ ಅವನಿಗೂ ಊಟದ ಬಡತನದಲ್ಲಿ ಹೆಚ್ಚಿನ ಅಂತರವಿರಲಿಲ್ಲ. ಚಳಿಯನ್ನು ಲೆಕ್ಕಕ್ಕೆ ಹಿಡಿದರೆ ಅವನ ಪಾಡೇ ಕಠಿನವೆನ್ನಬಹುದು.

ದಕ್ಷಿಣದ ಲೋಥಿಯನ್ ಮತ್ತು ಗಡಿಸೀಮೆಗಳಲ್ಲಿ ಸಂಸಾರವಂದಿಗರಾದ ಹೈಂಡ್ ಎಂಬ ಆಳುಗಳಿಗೆ ಗುಡಿಸಲು, ಇಷ್ಟು ಓಟ್ಸು, ಇಷ್ಟು ಬಾರ್ಲಿ, ಇಷ್ಟು ಬಟಾಣಿ, ಒಂದು ಹಸುವಿಗೆ ಮೇವು ಎಂದು ವಸ್ತುರೂಪದಲ್ಲಿಯೇ ಸಂಬಳ ಸಲ್ಲುತ್ತಿದ್ದಿತು. ಅದಕ್ಕೆ ಪ್ರತಿಯಾಗಿ ಹೈಂಡನು ತನ್ನ ದುಡಿಮೆಯಲ್ಲದೆ, ಕರೆದಾಗಲೆಲ್ಲ ಹೊಲಕ್ಕಿಳಿಯಬಲ್ಲ ಒಬ್ಬ ಹೆಣ್ಣಾಳನ್ನೂ ಒದಗಿಸುವ ಕರಾರಿಗೆ ಒಳಪಟ್ಟಿದ್ದನು. ಮಗಳಿದ್ದರೆ ಮಗಳು, ತಂಗಿಯಿದ್ದರೆ ತಂಗಿ. ಇಬ್ಬರೂ ಇಲ್ಲದಿದ್ದರೆ ತನ್ನ ಗುಡಿಸಲಿನಲ್ಲಿಯೇ ಇರಿಸಿಕೊಂಡು ಸಾಕಬೇಕಾದ ಒಬ್ಬ ಪರಕೀಯಳು. ಆ ಹೆಂಗಸರನ್ನು ಬಾಂಡೇಜರ್ ಎಂದೇ ಕರೆಯುತ್ತಿದ್ದರು. ಯುರೋಪಿನ ಒಕ್ಕಲುತನವೆಲ್ಲ ಸ್ವತಂತ್ರರಿಂದ ನಡೆಯಿತು, ಏಷ್ಯದ್ದೆಲ್ಲ ಬಂಧಿತರಿಂದ ನಡೆಯಿತು ಎಂಬ ಸುಲಭವಾದ ಮಾತು ಈ ಹೆಂಗಸರ ಮುಂದೆ ನಿಲ್ಲಲಾರದು.

ಆದರೂ ವ್ಯತ್ಯಾಸವಿದ್ದಿತು, ಅದು ಸಂತೆಯ ದಿನ ಕಾಣುತ್ತಿದ್ದಿತು. ಈಶಾನ್ಯದಲ್ಲಿ ವರ್ಷಕ್ಕೆರಡು ಬಾರಿ, ಮೇ ತಿಂಗಳಲ್ಲೊಮ್ಮೆ ನವೆಂಬರಿನಲ್ಲೊಮ್ಮೆ, ಪೇಟೆಯ ಚೌಕದಲ್ಲಿ ಆಳುಗಳ ಸಂತೆ ನೆರೆಯುತ್ತಿದ್ದಿತು. ರೈತನು ಆಳಿನ ತೋಳನ್ನೂ ಮೈಕಟ್ಟನ್ನೂ ನೋಡಿ ಬೆಲೆ ಕೇಳುವ ಆ ನೋಟವು ದನದ ಜಾತ್ರೆಯನ್ನೇ ನೆನಪಿಗೆ ತರುವಂತಹದು. ಅಲ್ಲಿನ ಪಾದ್ರಿಗಳೂ ಪತ್ರಿಕೆಗಳೂ ಅದನ್ನು ಹಳಿದುದುಂಟು. ಚೌಕಾಶಿ ಮುಗಿದ ಮೇಲೆ ರೈತನು ಆಳಿನ ಅಂಗೈಯಲ್ಲಿ ಆರ್ಲ್ಸ್ ಎಂಬ ಸಂಚಕಾರವನ್ನು, ಸಾಮಾನ್ಯವಾಗಿ ಒಂದು ಶಿಲ್ಲಿಂಗನ್ನು, ಇಡುತ್ತಿದ್ದನು. ಅದನ್ನು ಹಿಡಿದವನು ಆರು ತಿಂಗಳು ಆ ಮನೆಯ ಆಳು. ಆರು ತಿಂಗಳು ತುಂಬಿದ ದಿನ ಪೂರ್ತಿ ಸಂಬಳವನ್ನು ಎಣಿಸಿಕೊಂಡು, ತನ್ನ ಪೆಟ್ಟಿಗೆಯನ್ನು ಹೆಗಲಿಗೇರಿಸಿ, ಮನಸ್ಸಿದ್ದರೆ ಉಳಿದು, ಇಲ್ಲದಿದ್ದರೆ ಮತ್ತೆ ಸಂತೆಗೆ ಹೊರಡಬಹುದು. ಹಾಗೆ ಹೊರಟವರು ತಾವು ಬಿಟ್ಟ ಮನೆಯ ಗಂಜಿ ಎಷ್ಟು ತೆಳು, ಧಣಿ ಎಷ್ಟು ಜಿಪುಣ ಎಂಬುದನ್ನು, ಆ ಒಕ್ಕಲುಮನೆಯ ಹೆಸರನ್ನೇ ಇಟ್ಟು, ಹಾಡು ಕಟ್ಟಿ ಹಾಡಿದರು. ಹಂಟ್ಲಿಯ ಬಳಿಯ ಡ್ರಮ್‌ಡೆಲ್ಗಿ ಎಂಬ ಒಕ್ಕಲುಮನೆಯು ಲೋಕಪ್ರಸಿದ್ಧವಾದದ್ದು ಇಂತಹ ಒಂದು ಹಾಡಿನಿಂದ. ಹೆಸರು ಕೆಟ್ಟ ಧಣಿಗೆ ಮುಂದಿನ ಸಂತೆಯಲ್ಲಿ ಒಳ್ಳೆಯ ಆಳು ದೊರೆಯುವುದು ಕಷ್ಟವಾಗುತ್ತಿದ್ದಿತು.

ನಮ್ಮಲ್ಲಿಯೂ ಕೈಗೆ ಹಣವನ್ನಿಟ್ಟೇ ಆಳನ್ನು ಹಿಡಿಯುತ್ತಿದ್ದರು. ಆದರೆ ಆ ಹಣವು ಸಂಚಕಾರವಲ್ಲ, ಸಾಲ. ಮದುವೆಗೆ, ತಂದೆಯ ತಿಥಿಗೆ, ಕಾಯಿಲೆಗೆ, ಸತ್ತ ಎತ್ತಿನ ಸ್ಥಾನದಲ್ಲಿ ಇನ್ನೊಂದನ್ನು ಕೊಳ್ಳುವುದಕ್ಕೆ ಎಂದು ಧಣಿಯಿಂದ ಪಡೆದ ಹಣಕ್ಕೆ ಪತ್ರವಿದ್ದರೂ ಅದನ್ನು ಓದಬಲ್ಲವನು ಶಾನುಭೋಗನೇ ಹೊರತು ಆಳಲ್ಲ. ದುಡಿಮೆಯು ಬಡ್ಡಿಗೆ ಸರಿಹೋಗುತ್ತಿದ್ದಿತು. ಅಸಲು ನಿಂತಲ್ಲಿಯೇ ನಿಲ್ಲುತ್ತಿದ್ದಿತು. ಕಾಯಿಲೆ ಬಿದ್ದ ದಿನಗಳು ಲೆಕ್ಕಕ್ಕೆ ಕೂಡಿ, ಮಗನ ಮದುವೆಗೆ ಮತ್ತಷ್ಟು ಹಣ ಸೇರಿ, ಕಡೆಗೆ ತಂದೆಯು ತೀರಿಕೊಂಡಾಗ ಅದೇ ಮೇಣಿಯನ್ನು ಮಗನು ಹಿಡಿಯುತ್ತಿದ್ದನು. ಬೇರೊಬ್ಬ ಧಣಿಯು ಹೆಚ್ಚು ಕೊಡುವುದಾಗಿ ಮುಂದೆ ಬಂದರೆ ಅವನು ಹಳೆಯ ಸಾಲವನ್ನು ತೀರಿಸಬೇಕು. ಆಗಲೂ ಆಳಿಗೆ ಬದಲಾಗುತ್ತಿದ್ದುದು ಸಾಲ ಕೊಟ್ಟವನ ಹೆಸರು ಮಾತ್ರ. ಯುಗಾದಿಯು ನಮ್ಮಲ್ಲಿಯೂ ವರ್ಷದ ಗಡುವೇ ಆಗಿದ್ದಿತು. ಆ ಗಡುವಿನ ದಿನ ಬಾಗಿಲು ತೆರೆಯುತ್ತಿರಲಿಲ್ಲ, ಅಷ್ಟೆ. ಎರಡು ನಾಡುಗಳ ಆಳುಗಳಿಗೂ ಇದ್ದ ಮುಖ್ಯವಾದ ಭೇದವು ಹಿಟ್ಟಿನಲ್ಲಾಗಲಿ, ಹಾಸಿಗೆಯಲ್ಲಾಗಲಿ, ಧಣಿಯ ಸ್ವಭಾವದಲ್ಲಾಗಲಿ ಇರಲಿಲ್ಲ. ಬಿಟ್ಟುಹೋಗುವ ದಿನವೊಂದು ಇದ್ದಿತೆ ಇಲ್ಲವೆ ಎಂಬುದರಲ್ಲಿದ್ದಿತು.

ಕಾನೂನು ಯಾರ ಕಡೆಗಿದ್ದಿತು? 1843ರ ಐದನೆಯ ಕಾಯಿದೆಯು ಗುಲಾಮಗಿರಿಗೆ ನ್ಯಾಯಾಲಯದ ಮನ್ನಣೆಯನ್ನು ತಪ್ಪಿಸಿತು. 1860ರ ದಂಡಸಂಹಿತೆಯು ಗುಲಾಮರನ್ನಿಟ್ಟುಕೊಳ್ಳುವುದನ್ನು ಅಪರಾಧವೆಂದಿತು. ಆದರೆ ಸಾಲದ ಆಳು ಗುಲಾಮನೆನಿಸಲಿಲ್ಲ; ಅವನು ತಾನಾಗಿ ಒಪ್ಪಿದವನೆಂದು ಕಾನೂನಿನ ಭಾವನೆ. ಆ ಎರಡು ಶಾಸನಗಳ ನಡುವೆ, 1859ರಲ್ಲಿ, ಮುಂಗಡವನ್ನು ಪಡೆದು ಕೆಲಸ ಬಿಟ್ಟ ಕೂಲಿಗಾರನನ್ನು ಮ್ಯಾಜಿಸ್ಟ್ರೇಟನು ಕೆಲಸಕ್ಕೆ ಮರಳುವಂತೆಯೋ ಹಣ ಹಿಂದಿರುಗಿಸುವಂತೆಯೋ ಆಜ್ಞಾಪಿಸಬಹುದು, ಮೀರಿದರೆ ಮೂರು ತಿಂಗಳವರೆಗೆ ಸೆರೆಮನೆಗೆ ಕಳುಹಿಸಬಹುದು ಎಂಬ ಕಾಯಿದೆಯೊಂದು ಬಂದಿತು. ಕೊಡಗು ಮೊದಲಾದ ಕಾಫಿ ಸೀಮೆಗಳ ತೋಟದ ದೊರೆಗಳಿಗೆ ಅದು ಬಹಳ ಪ್ರಿಯವಾಯಿತು. ಕರಾರು ಮುರಿದ ಆಳನ್ನು ಸೆರೆಗೆ ಹಾಕುವ ಪದ್ಧತಿಯು ಬ್ರಿಟನ್ನಿನಲ್ಲಿಯೂ ಇದ್ದದ್ದೇ. ಅಲ್ಲಿ ಅದು 1867ರಲ್ಲಿ ಸಡಿಲವಾಗಿ 1875ರಲ್ಲಿ ಬಹುಮಟ್ಟಿಗೆ ತೊಡೆದುಹೋಯಿತು. ಇಲ್ಲಿ ಅದೇ ಪಾರ್ಲಿಮೆಂಟಿನ ನೆರಳಿನಲ್ಲಿ ಈ ಕಾಯಿದೆಯು 1925ರಲ್ಲಿ ರದ್ದುಗೊಳ್ಳುವವರೆಗೆ ಇನ್ನೂ 50 ವರ್ಷ ಬಾಳಿತು. ದನ ಕಾಯುವ ಹುಡುಗನ ವಿಷಯವೂ ಹೀಗೆಯೇ: ಸ್ಕಾಟ್ಲೆಂಡಿನಲ್ಲಿ 1872ರ ಶಾಸನವು 5ರಿಂದ 13 ವರ್ಷದ ಮಕ್ಕಳಿಗೆ ಶಾಲೆಯನ್ನು ಕಡ್ಡಾಯಗೊಳಿಸಿತು, ಮೈಸೂರಿನಲ್ಲಿ 1868ರಿಂದಲೇ ಹೋಬಳಿ ಶಾಲೆಗಳು ಏರ್ಪಟ್ಟರೂ, ಕಡ್ಡಾಯ ಶಿಕ್ಷಣದ ಶಾಸನವು 1913ರಲ್ಲಿ ಬಂದರೂ, ಕೊಟ್ಟಿಗೆಯಿಂದ ಶಾಲೆಯವರೆಗಿನ ದಾರಿಯನ್ನು ಜೀತದ ಹುಡುಗನು ಹಿಡಿದದ್ದು ಕಡಮೆ.

‘ಮನೆಯ ಮಗನಂತೆ ನೋಡಿಕೊಂಡೆವು’ ಎಂಬ ಮಾತನ್ನು ಹಳೆಯ ಒಕ್ಕಲುಮನೆಗಳ ವಂಶಸ್ಥರು ಇಂದಿಗೂ ಹೇಳುವುದುಂಟು. ಅದರಲ್ಲಿ ಅಸತ್ಯವಿದೆಯೆಂದು ನಾನು ಹೇಳಲಾರೆ. ಆಳಿನ ಮಗುವಿಗೆ ಜ್ವರ ಬಂದಾಗ ಕಷಾಯ ಕಾಸಿ ಕಳುಹಿಸಿದ ಯಜಮಾನಿತಿಯರೂ, ಹಬ್ಬದ ದಿನ ಮೊದಲು ಆಳಿಗೆ ಇಕ್ಕಿ ತರುವಾಯ ತಾವು ಕುಳಿತ ಯಜಮಾನರೂ ಇದ್ದರು. ಆದರೆ ಮಗನಿಗೆ ಹೊಲದಲ್ಲಿ ಪಾಲುಂಟು, ಆಳಿಗೆ ಇಲ್ಲ. ಮಗನು ಜಗಳವಾಡಿ ಬೇರೆ ಹೋಗಬಹುದು, ಆಳು ಹೋಗಲಾರನು. 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ಈ ಹೋಲಿಕೆಯ ಬೆಲೆ ಗೊತ್ತಾಯಿತು. 1871ರ ಖಾನೇಷುಮಾರಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸೀಮೆಯ ಜನಸಂಖ್ಯೆಯು 1881ರ ಹೊತ್ತಿಗೆ 42 ಲಕ್ಷಕ್ಕಿಂತಲೂ ಕೆಳಗಿಳಿಯಿತು. ಹಗೇವುಗಳು ಬರಿದಾದ ಮೇಲೆ, ಉಣಿಸಲಾರದ ಮನೆಯು ಆಳನ್ನು ಇಟ್ಟುಕೊಳ್ಳಲಾರದು. ನೆಲವೂ ಇಲ್ಲದೆ ಕೂಲಿಯೂ ಇಲ್ಲದೆ ಹೋದವರು ಗಂಜಿಯ ಕೇಂದ್ರಗಳ ಕಡೆಗೆ ನಡೆದರು, ಹಲವರು ದಾರಿಯಲ್ಲಿಯೇ ಬಿದ್ದರು.

ಬಾಗಿಲನ್ನು ತೆರೆದದ್ದು ಕರುಣೆಗಿಂತ ಹೆಚ್ಚಾಗಿ ಬೇರೆ ಕಡೆಯ ಕೂಲಿ. ದಂಡಿಗೆ 1864ರಲ್ಲಿ ರೈಲು ಬಂದಿತು. 1880ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗಳು ಸಾವಿರಾರು ಮಂದಿಯನ್ನು ಭೂಮಿಯೊಳಕ್ಕೆ ಸೆಳೆದುವು. ಕಾಫಿಯ ತೋಟಗಳೂ ಕರೆದುವು, ಆದರೆ ಅಲ್ಲಿಯೂ ಮೇಸ್ತ್ರಿಯ ಮುಂಗಡವೇ ಕಾದಿದ್ದಿತು. ಯಲಹಂಕದ ಈ ಭಾಗಕ್ಕೆ ದೊಡ್ಡ ಬದಲಾವಣೆ ಬಂದದ್ದು ತೀರ ಈಚೆಗೆ, 1953ರಲ್ಲಿ ಎಚ್‌ಎಂಟಿಯೂ 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸೂ ಜಾಲಹಳ್ಳಿಯಲ್ಲಿ ನೆಲೆಯೂರಿದ ಮೇಲೆ. ಕಾರ್ಖಾನೆಯ ಕೆಲಸವೆಲ್ಲ ಆಳಿನ ಮಗನಿಗೆ ದೊರೆಯಿತೆಂದಲ್ಲ. ಓದಿದವನಿಗೇ ಅದು ಮೊದಲು ದೊರೆಯಿತು. ಆದರೆ ಕಟ್ಟಡ, ರಸ್ತೆ, ಬಂಡಿ, ತೋಟಗಳಲ್ಲಿ ದಿನಗೂಲಿ ಹುಟ್ಟಿತು. ದಿನದ ಸಂಜೆಗೆ ಲೆಕ್ಕ ತೀರುವ ಕೂಲಿಯು ಯುಗಾದಿಯವರೆಗೆ ತೀರದ ಲೆಕ್ಕವನ್ನು ಮೆಲ್ಲಗೆ ಸಡಿಲಿಸಿತು. ಹೊಲಗಳು ನಿವೇಶನಗಳಾದಾಗ ಬೆಲೆ ಬಂದದ್ದು ಪಹಣಿಯಲ್ಲಿ ಹೆಸರಿದ್ದವನಿಗೆ.

1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆಯಾಗಿ ಹೊರಟು 1976ರಲ್ಲಿ ಶಾಸನವಾದ ಜೀತ ನಿರ್ಮೂಲನ ಕಾಯಿದೆಯು ದೇಶದ ನಾನಾ ಭಾಗಗಳ ಬಂಧನದ ಪದ್ಧತಿಗಳನ್ನು ಒಂದೊಂದಾಗಿ ಹೆಸರಿಸುವಾಗ ನಮ್ಮ ‘ಜೀತ’ವನ್ನೂ ಆ ಪಟ್ಟಿಯಲ್ಲಿ ಸೇರಿಸಿತು. ಸಾಲದ ಬಂಧನದಲ್ಲಿದ್ದ ಆಳುಗಳೆಲ್ಲರೂ ಅಂದಿನಿಂದ ಮುಕ್ತರು, ಸಾಲವು ಅಳಿಯಿತು ಎಂದು ಘೋಷಿಸಿದ್ದಷ್ಟೇ ಅಲ್ಲ, ಅಳಿದ ಸಾಲಕ್ಕೆ ಹಣವನ್ನು ತೆಗೆದುಕೊಂಡ ಧಣಿಗೆ ಮೂರು ವರ್ಷದವರೆಗೆ ಸೆರೆಯನ್ನೂ ವಿಧಿಸಿತು. 1859ರ ಕಾಯಿದೆಯಲ್ಲಿ ಸೆರೆಮನೆಯ ಬಾಗಿಲು ತೆರೆದಿದ್ದದ್ದು ಆಳಿಗಾಗಿ. ಅದು ಧಣಿಯ ಕಡೆಗೆ ತಿರುಗುವುದಕ್ಕೆ 117 ವರ್ಷಗಳು ಹಿಡಿದುವು. ಶಾಸನವು ಬಂದ ಮಾತ್ರಕ್ಕೆ ಆಳು ಎದ್ದುಹೋಗಲಿಲ್ಲ. ಅವನು ಜೀತದಲ್ಲಿದ್ದನೆಂದು ಯಾರಾದರೂ ಗುರುತಿಸಬೇಕು, ಅಧಿಕಾರಿಯು ಬಂದು ವಿಚಾರಿಸಬೇಕು, ಬಿಡುಗಡೆಯ ಪತ್ರವನ್ನು ಬರೆದುಕೊಡಬೇಕು. ಬೆಂಗಳೂರಿಗೆ ಅಂಟಿಕೊಂಡೇ ಇರುವ ಆನೇಕಲ್ಲು ತಾಲ್ಲೂಕಿನಲ್ಲಿ ಕೆಲಸಮಾಡುತ್ತಿದ್ದ ಕಿರಣ್ ಕಮಲ್ ಪ್ರಸಾದ್ ಅವರು ‘ಜೀವಿಕ’ ಎಂಬ ಜೀತವಿಮುಕ್ತಿ ಸಂಘಟನೆಯನ್ನು ಕಟ್ಟಿದ್ದು 1993ರಲ್ಲಿ, ಕಾಯಿದೆ ಬಂದು 17 ವರ್ಷಗಳ ಮೇಲೆ. ಆಗಲೂ ಹಳ್ಳಿ ಹಳ್ಳಿಗಳಲ್ಲಿ ಅವರಿಗೆ ಜೀತಗಾರರು ದೊರೆಯುತ್ತಲೇ ಹೋದರು. ಬಿಡುಗಡೆಯಾದವನಿಗೆ 1978ರ ಯೋಜನೆಯಲ್ಲಿ ಗೊತ್ತಾಗಿದ್ದ ಪುನರ್ವಸತಿಯ ಮೊತ್ತವು 4,000 ರೂಪಾಯಿ. 2016ರಲ್ಲಿ ಅದನ್ನು ವಯಸ್ಕ ಗಂಡಸಿಗೆ 1 ಲಕ್ಷಕ್ಕೂ ಹೆಂಗಸರಿಗೂ ಮಕ್ಕಳಿಗೂ 2 ಲಕ್ಷಕ್ಕೂ ಏರಿಸಲಾಯಿತು. ಈಗ ಬಿಡುಗಡೆಯ ಪತ್ರವನ್ನು ಪಡೆಯುವವರಲ್ಲಿ ನೇಗಿಲು ಹಿಡಿದವರ ಜೊತೆಗೆ, ನಗರದ ಹೊರವಲಯದ ಇಟ್ಟಿಗೆ ಗೂಡುಗಳಿಗೆ ಮುಂಗಡ ಪಡೆದು ಸಂಸಾರಸಮೇತ ಬಂದವರೂ ಸೇರಿದ್ದಾರೆ.